ಸ್ಕೂಟರಿನ ಪೆಟ್ರೋಲ್ ಮುಳ್ಳನ್ನು ಎಷ್ಟು ನಂಬಬಹುದು?

ಹೋದ ಮಳೆಗಾಲದಲ್ಲಿ ಒಂದು ಸಂಜೆ ಸಕ್ರೆಬೈಲಿನ ಹತ್ತಿರದಿಂದ ಫೋನ್ ಬಂತು. ಶಿವಮೊಗ್ಗದ ನನ್ನ ಗ್ಯಾರೇಜಿಗೆ ಎಷ್ಟೋ ವರ್ಷದಿಂದ ಬರುವ ಟೀಚರ್ ಒಬ್ಬರದು.

"ಅಣ್ಣಾ, ಗಾಡಿ ನಿಂತುಹೋಯ್ತು. ಸೆಲ್ಫ್ ತಿರುಗ್ತಾ ಇದೆ, ಸ್ಟಾರ್ಟ್ ಆಗ್ತಿಲ್ಲ."

"ಪೆಟ್ರೋಲ್ ಇದೆಯಾ ಮೇಡಂ?"

"ಇದೆಯಲ್ಲ, ಮುಳ್ಳು ಕಾಲು ಭಾಗ ತೋರಿಸ್ತಿದೆ."

ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಸ್ವಲ್ಪ ಅಲ್ಲಾಡಿಸಿ, ಏನಾದರೂ ಸದ್ದು ಕೇಳುತ್ತದಾ ನೋಡಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಏನೂ ಕೇಳಿಸ್ತಿಲ್ಲ ಅಣ್ಣಾ" ಎಂದರು. ಮುಳ್ಳು ಮಾತ್ರ ಕಾಲು ಭಾಗದಲ್ಲೇ ಇತ್ತು. ನಮ್ಮ ಹುಡುಗ ತಗಡಿನ ಕ್ಯಾನಿನಲ್ಲಿ ಒಂದು ಲೀಟರ್ ತೆಗೆದುಕೊಂಡು ಹೋದ. ಗಾಡಿ ಸ್ಟಾರ್ಟ್ ಆಯಿತು.

(ಟ್ಯಾಂಕ್ ನೋಡುವಾಗ ಕಿವಿ ಸಾಕು. ಕತ್ತಲೆ ಅಂತ ಲೈಟರ್ ಹಚ್ಚಿ ಇಣುಕಲು ಹೊರಟವರನ್ನು ಗದರಿಸಿದ್ದೇನೆ. ಟ್ಯಾಂಕ್ ಖಾಲಿ ಇದ್ದರೂ ಒಳಗೆ ಪೆಟ್ರೋಲ್ ಆವಿ ಇರುತ್ತದೆ. ಹತ್ತಿಕೊಳ್ಳುವುದು ಅದೇ.)

ಮಾರನೆಯ ದಿನ ಅವರು ಗ್ಯಾರೇಜಿಗೆ ಬಂದಾಗ ಟ್ಯಾಂಕಿನ ಒಳಗಿದ್ದ ಫ್ಲೋಟ್ ಬಿಚ್ಚಿ ಮೇಜಿನ ಮೇಲಿಟ್ಟೆ. "ಇಷ್ಟೇನಾ?" ಎಂದರು. ಇಷ್ಟೇ. ಒಂದು ಸಣ್ಣ ತೇಲುವ ಬುರುಡೆ, ಅದಕ್ಕೆ ಅಂಟಿದ ಒಂದು ಸಪೂರ ತಂತಿ ಕೈ, ಆ ಕೈ ಮೇಲೆ ಕೆಳಗೆ ಆಡಿದಾಗ ಉಜ್ಜುವ ಒಂದು ರೆಸಿಸ್ಟೆನ್ಸ್ ಪಟ್ಟಿ. ಬಾವಿಯಲ್ಲಿ ಕೊಡ ತೇಲಿದ ಹಾಗೆ ಬುರುಡೆ ಪೆಟ್ರೋಲಿನ ಮೇಲೆ ತೇಲುತ್ತದೆ. ಪೆಟ್ರೋಲ್ ಇಳಿದರೆ ಕೈ ಇಳಿಯುತ್ತದೆ, ಪಟ್ಟಿಯ ಮೇಲೆ ಅದು ಮುಟ್ಟುವ ಜಾಗ ಬದಲಾಗುತ್ತದೆ, ಹರಿಯುವ ಕರೆಂಟು ಬದಲಾಗುತ್ತದೆ, ಮುಂದೆ ಮೀಟರಿನ ಮುಳ್ಳು ಕದಲುತ್ತದೆ. ಪೆಟ್ರೋಲ್ ಎಷ್ಟು ಲೀಟರ್ ಇದೆ ಎಂದು ಅಳೆಯುವ ವಸ್ತು ಇಲ್ಲಿ ಎಲ್ಲೂ ಇಲ್ಲ. ಬುರುಡೆ ಎಷ್ಟು ಎತ್ತರದಲ್ಲಿದೆ ಅನ್ನುವುದಷ್ಟೇ ಮೀಟರಿಗೆ ಗೊತ್ತು.

ಅವರ ಗಾಡಿಯಲ್ಲಿ ಆ ಕೈ ಕೀಲಿನಲ್ಲಿ ಕಚ್ಚಿಕೊಂಡು ಕಾಲು ಭಾಗದ ಎತ್ತರದಲ್ಲೇ ನಿಂತಿತ್ತು. ಪೆಟ್ರೋಲ್ ಕೆಳಗಿಳಿದು ಹೋಯಿತು, ಬುರುಡೆ ಗಾಳಿಯಲ್ಲಿ ನೇತಾಡುತ್ತಿತ್ತು.

"ಡಿಜಿಟಲ್ ಮೀಟರ್ ಆಗಿದ್ದರೆ ಹೀಗಾಗ್ತಿರಲಿಲ್ಲ ಅಲ್ವಾ?" ಎಂದು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ಆಗುತ್ತಿತ್ತು. ಡಿಜಿಟಲ್ ಎಂದರೆ ತೋರಿಸುವ ಪರದೆ ಮಾತ್ರ, ಟ್ಯಾಂಕಿನ ಒಳಗೆ ಸಾಮಾನ್ಯವಾಗಿ ಇದೇ ಬುರುಡೆ, ಇದೇ ಕೈ. ಒಂದು ವ್ಯತ್ಯಾಸ ಇದೆ. ಗುಂಡಿ ಹಾರಿದಾಗಲೆಲ್ಲ ಪೆಟ್ರೋಲ್ ಕುಲುಕಿ ಗೆರೆಗಳು ಕುಣಿಯಬಾರದು ಅಂತ ಡಿಜಿಟಲ್ ಮೀಟರು ನಿಧಾನವಾಗಿ, ಸರಾಸರಿ ತೆಗೆದು ತೋರಿಸುತ್ತದೆ. ಹಳೆಯ ಮುಳ್ಳೂ ಬೇಕೆಂದೇ ಸ್ವಲ್ಪ ಸೋಮಾರಿ. ಪೆಟ್ರೋಲ್ ಹಾಕಿಸಿದ ತಕ್ಷಣ ಮುಳ್ಳು ಏರಲಿಲ್ಲ ಅಂತ ಬಂಕಿನ ಹುಡುಗನ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಒಂದೆರಡು ನಿಮಿಷ ಗಾಡಿ ಓಡಿಸಿ ನೋಡಿ.

ಇನ್ನೊಂದು ದೂರು ವಾರಕ್ಕೊಮ್ಮೆಯಾದರೂ ಬರುತ್ತದೆ. "ಫುಲ್ ಟ್ಯಾಂಕ್ ಹಾಕಿಸಿದರೆ ಎಷ್ಟೋ ಕಿಲೋಮೀಟರ್ ಮುಳ್ಳು ಅಲ್ಲಾಡೋದೇ ಇಲ್ಲ, ಅರ್ಧಕ್ಕೆ ಬಂದ ಮೇಲೆ ದಡದಡ ಇಳಿದುಬಿಡ್ತದೆ. ಲೀಕ್ ಇದೆಯಾ ನೋಡಿ." ಲೀಕ್ ಇರುವುದಿಲ್ಲ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಬುರುಡೆ ತನ್ನ ಮೇಲಿನ ತುದಿ ಮುಟ್ಟಿ ನಿಂತಿರುತ್ತದೆ. ಅದರ ಮೇಲೆ ಎಷ್ಟು ಸುರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಆ ಮೇಲಿನ ಪಾಲು ಖರ್ಚಾಗುವವರೆಗೂ ಮುಳ್ಳು ಎಫ್‌ನಲ್ಲೇ ಕೂತಿರುತ್ತದೆ. ಆಮೇಲೆ ಟ್ಯಾಂಕಿನ ಆಕಾರದ ಆಟ ಶುರು. ಸೀಟಿನ ಕೆಳಗೆ ಸಿಕ್ಕಿದ ಜಾಗಕ್ಕೆ ತಕ್ಕಂತೆ ಟ್ಯಾಂಕನ್ನು ತಿದ್ದಿ, ಓರೆ ಮಾಡಿ ಕೂರಿಸಿರುತ್ತಾರೆ. ಅಗಲ ಇರುವ ಕಡೆ ಒಂದು ಬೆರಳು ಇಳಿದರೆ ಅರ್ಧ ಲೀಟರ್ ಹೋಗಿರಬಹುದು, ಕಿರಿದಾದ ಕಡೆ ಅದೇ ಒಂದು ಬೆರಳಿಗೆ ಅದರ ಅರ್ಧ. ಹಾಗಾಗಿ ಮುಳ್ಳಿನ ಅರ್ಧ ಅಂದರೆ ಪೆಟ್ರೋಲಿನ ಅರ್ಧ ಅಲ್ಲ.

ಗಾಡಿ ನಿಂತ ಭಂಗಿಯೂ ಮುಖ್ಯ. ಸೈಡ್ ಸ್ಟ್ಯಾಂಡ್ ಹಾಕಿದಾಗ ಒಂದು ಲೆಕ್ಕ, ಡಬಲ್ ಸ್ಟ್ಯಾಂಡ್ ಹಾಕಿದಾಗ ಇನ್ನೊಂದು. ಆಗುಂಬೆ ಘಾಟಿ ಹತ್ತುವಾಗ ಒಂದು, ಇಳಿಯುವಾಗ ಮತ್ತೊಂದು. 2021ರಲ್ಲಿ ಬಂದ ಜುಪಿಟರ್ 125ರಂತಹ ಗಾಡಿಗಳಲ್ಲಿ ಟ್ಯಾಂಕ್ ಕಾಲಿಡುವ ಜಾಗದ ಅಡಿಗೆ ಹೋಗಿದೆ, ಪೆಟ್ರೋಲ್ ಹಾಕುವ ಬಾಯಿ ಮುಂದೆ ಬಂದಿದೆ. ಸೀಟಿನ ಕೆಳಗೆ ಎರಡು ಹೆಲ್ಮೆಟ್ ಇಡುವಷ್ಟು ಜಾಗ ಸಿಕ್ಕಿತು, ಒಳ್ಳೆಯದೇ. ಆದರೆ ತಟ್ಟೆಯಂಥ ಟ್ಯಾಂಕಿನಲ್ಲಿ ಗಾಡಿ ಸ್ವಲ್ಪ ವಾಲಿದರೂ ಪೆಟ್ರೋಲ್ ಒಂದು ಮೂಲೆಗೆ ಓಡುತ್ತದೆ. ಮೀಟರು ನೋಡುವುದಾದರೆ ಸಮತಟ್ಟು ಜಾಗದಲ್ಲಿ, ಗಾಡಿ ನೆಟ್ಟಗೆ ಇದ್ದಾಗ ನೋಡಿ.

ನಾನು ಕೆಲಸ ಕಲಿತ ಕಾಲದ ಚೇತಕ್‌ಗಳಲ್ಲಿ ಈ ತಲೆನೋವೇ ಇರಲಿಲ್ಲ, ಯಾಕೆಂದರೆ ಎಷ್ಟೋ ಗಾಡಿಗಳಲ್ಲಿ ಮುಳ್ಳೇ ಇರಲಿಲ್ಲ. ಇದ್ದದ್ದು ಸೀಟಿನ ಕೆಳಗಿನ ಪೆಟ್ರೋಲ್ ಕಾಕ್. ಓಡುವಾಗ ಗಾಡಿ ತಡವರಿಸಿದರೆ ಬಗ್ಗಿ ಅದನ್ನು ರಿಸರ್ವಿಗೆ ತಿರುಗಿಸುವುದು. ರಿಸರ್ವ್ ಅಂದರೆ ಬೇರೆ ಟ್ಯಾಂಕ್ ಅಂತ ತುಂಬ ಜನ ಈಗಲೂ ನಂಬಿದ್ದಾರೆ. ಅಲ್ಲ. ಟ್ಯಾಂಕ್ ಒಂದೇ, ಒಳಗಿನ ಕೊಳವೆ ಬಾಯಿ ಎರಡು. ಒಂದು ಸ್ವಲ್ಪ ಎತ್ತರದಲ್ಲಿ, ಇನ್ನೊಂದು ತಳದಲ್ಲಿ. ಪೆಟ್ರೋಲ್ ಮೇಲಿನ ಬಾಯಿಗಿಂತ ಕೆಳಗಿಳಿದರೆ ಎಂಜಿನ್ ತಡವರಿಸುತ್ತದೆ, ಆಗ ತಳದ ಬಾಯಿ ತೆರೆಯುತ್ತೇವೆ. ಅದೂ ಮುಗಿದರೆ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಎತ್ತಿ, ಕಿಕ್ ಹೊಡೆದು, ಕೊನೆಯ ಹನಿಯಲ್ಲಿ ಬಂಕ್ ತಲುಪುವ ವಿದ್ಯೆ ಎಲ್ಲರಿಗೂ ಗೊತ್ತಿತ್ತು. ನಮ್ಮಪ್ಪನಂತೂ ಅದರಲ್ಲಿ ಪ್ರವೀಣ.

ಈಗಿನ ಸ್ಕೂಟರಿನಲ್ಲಿ ಆ ಕಾಕ್ ಇಲ್ಲ. ರಿಸರ್ವ್ ಅನ್ನುವುದು ಮೀಟರಿನ ಮೇಲೆ ಒಂದು ಕೆಂಪು ಗೆರೆ, ಇಲ್ಲವೇ ಮಿನುಗುವ ಕೊನೆಯ ಕಡ್ಡಿ. ಅದು ಮುಟ್ಟಿದಾಗ ನಿಮ್ಮ ಗಾಡಿಯಲ್ಲಿ ಎಷ್ಟು ಉಳಿದಿರುತ್ತದೆ? ಇದನ್ನು ಒಂದು ಸಲ ನೀವೇ ಕಂಡುಹಿಡಿದುಕೊಳ್ಳಿ. ಮುಳ್ಳು ಕೆಂಪು ಗೆರೆ ಮುಟ್ಟಿದ ದಿನ ನೇರ ಬಂಕಿಗೆ ಹೋಗಿ, ಡಬಲ್ ಸ್ಟ್ಯಾಂಡ್ ಹಾಕಿ, ಫುಲ್ ಟ್ಯಾಂಕ್ ಹಾಕಿಸಿ. ಎಷ್ಟು ಲೀಟರ್ ಹಿಡಿಯಿತು ಬರೆದುಕೊಳ್ಳಿ. ಗಾಡಿಯ ಪುಸ್ತಕದಲ್ಲಿ ಟ್ಯಾಂಕಿನ ಅಳತೆ ಇರುತ್ತದೆ. ಆಕ್ಟಿವಾದ್ದು 5.3 ಲೀಟರ್, ಜುಪಿಟರ್ 125ರದ್ದು 5.1. ಟ್ಯಾಂಕು 5.3 ಲೀಟರಿನದು, ಹಿಡಿದದ್ದು 4.1 ಅಂದರೆ ಇನ್ನೂ 1.2 ಲೀಟರ್ ಇತ್ತು. ಲೀಟರಿಗೆ 45 ಕಿಲೋಮೀಟರ್ ಓಡುವ ಗಾಡಿ ಲೆಕ್ಕಕ್ಕೆ 54 ಕಿಲೋಮೀಟರ್ ಹೋಗಬೇಕು. ನಾನಾದರೆ 30 ಅಂತ ಇಟ್ಟುಕೊಳ್ಳುತ್ತೇನೆ. ತಳದ ಪೆಟ್ರೋಲ್ ಅಷ್ಟೂ ಪಂಪಿಗೆ ಸಿಗುವುದಿಲ್ಲ, ಏರಿಳಿತದ ರಸ್ತೆಯಲ್ಲಿ ಅದು ಆ ಕಡೆ ಈ ಕಡೆ ಸರಿಯುತ್ತಿರುತ್ತದೆ. ಫುಲ್ ಮಾಡಿಸಿದಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ರಿಪ್ ಮೀಟರ್ ಇಲ್ಲದಿದ್ದರೆ ಕಿಲೋಮೀಟರ್ ಸಂಖ್ಯೆಯ ಫೋಟೊ ತೆಗೆದಿಡಿ, ಬಂಕಿನಿಂದ ಹೊರಗೆ ಬಂದ ಮೇಲೆ. ನನ್ನನ್ನು ಕೇಳಿದರೆ, ಸ್ಕೂಟರಿನಲ್ಲಿ ಪೆಟ್ರೋಲ್ ಲೆಕ್ಕಕ್ಕೆ ಮೊದಲ ಸಾಕ್ಷಿ ಟ್ರಿಪ್ ಮೀಟರು. ಮುಳ್ಳು ಎರಡನೆಯದು.

ಮುಳ್ಳು ಕೆಂಪಿಗೆ ಬಂದ ಮೇಲೂ ದಿನಗಟ್ಟಲೆ ಓಡಿಸುವವರಿಗೆ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ನಮ್ಮ ಪೆಟ್ರೋಲ್ ಸ್ಕೂಟರುಗಳು ಹೆಚ್ಚುಕಡಿಮೆ ಎಲ್ಲವೂ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್‌ಗೆ, ಅಂದರೆ ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆಗೆ ಬಂದವು. ಇವುಗಳಲ್ಲಿ ಪೆಟ್ರೋಲ್ ಪಂಪ್ ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಕೂತಿರುತ್ತದೆ, ಕರೆಂಟಿನಿಂದ ಓಡುತ್ತದೆ. ಅದನ್ನು ತಂಪಾಗಿ ಇಡುವುದೂ ಪೆಟ್ರೋಲೇ. ಮೇಲಿಂದ ಮೇಲೆ ಖಾಲಿ ಓಡಿಸಿದರೆ ಪಂಪ್ ಬಿಸಿಯಾಗಿ ಸವೆಯುತ್ತದೆ. ಚೇತಕ್ ಕಾಲದಲ್ಲಿ ಪೆಟ್ರೋಲ್ ಮುಗಿದರೆ ಹೋಗುತ್ತಿದ್ದದ್ದು ಮರ್ಯಾದೆ ಮಾತ್ರ. ಈಗ ದುಡ್ಡೂ ಹೋಗುತ್ತದೆ.

ಇನ್ನು ಬಂಕಿನ ವಿಷಯ. ನೂರು ರೂಪಾಯಿಗೆ ಹಾಕಿಸಿದರೆ ಮೋಸ, ನೂರಾಹತ್ತಕ್ಕೆ ಹಾಕಿಸಿದರೆ ಸರಿ ಅನ್ನುವ ನಂಬಿಕೆ ಊರಲ್ಲೆಲ್ಲ ಇದೆ. ಯಂತ್ರ ಅಳೆಯುವುದು ಪೆಟ್ರೋಲಿನ ಪ್ರಮಾಣವನ್ನು, ರೂಪಾಯಿ ಅದರಿಂದ ಮಾಡಿದ ಲೆಕ್ಕ. ಯಂತ್ರ ಸರಿ ಇದ್ದರೆ ಎರಡೂ ಸರಿ, ಕೆಟ್ಟಿದ್ದರೆ ಎರಡೂ ತಪ್ಪು. ಅನುಮಾನ ಬಂದರೆ ಪ್ರತಿ ಬಂಕಿನಲ್ಲೂ ಮುದ್ರೆ ಒತ್ತಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಸೊನ್ನೆ ನೋಡುವುದನ್ನಂತೂ ಬಿಡಬೇಡಿ. ನಾನು ರೂಪಾಯಿ ಬಿಟ್ಟು ಲೀಟರಿನಲ್ಲಿ ಕೇಳುತ್ತೇನೆ. "ಮೂರು ಲೀಟರ್" ಅಂದರೆ ಮೈಲೇಜ್ ಲೆಕ್ಕವೂ ಸುಲಭ.

ನನಗೆ ನಿಜಕ್ಕೂ ಸಿಟ್ಟು ಬರುವುದು ಗಾಡಿ ಅಲ್ಲಾಡಿಸಿ ತುಂಬಿಸುವವರನ್ನು ಕಂಡಾಗ. ನಳಿಕೆ ಟಕ್ ಎಂದು ನಿಂತ ಮೇಲೂ ಹ್ಯಾಂಡಲ್ ಹಿಡಿದು ಆ ಕಡೆ ಈ ಕಡೆ ಕುಲುಕಿ, "ಇನ್ನೊಂದಿಷ್ಟು ಹಾಕಪ್ಪ, ಹಿಡಿಯುತ್ತೆ" ಅನ್ನುತ್ತಾರೆ. ಹಿಡಿಯುತ್ತದೆ, ನಿಜ. ಆದರೆ ಟ್ಯಾಂಕಿನ ಕುತ್ತಿಗೆಯ ಕೆಳಗೆ ಬಿಟ್ಟ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ. ನೆಲದಡಿಯ ತಂಪಾದ ಟ್ಯಾಂಕಿನಿಂದ ಬಂದ ಪೆಟ್ರೋಲ್ ನಿಮ್ಮ ಗಾಡಿ ಬಿಸಿಲಲ್ಲಿ ನಿಂತಾಗ ಹಿಗ್ಗುತ್ತದೆ. 5 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 70 ಎಂಎಲ್ ಹಿಗ್ಗುತ್ತದೆ, ಒಂದು ಸಣ್ಣ ಲೋಟದ ಕಾಫಿಯಷ್ಟು. ಅದಕ್ಕೆ ಜಾಗ ಬೇಡವೇ? ಈಗಿನ ಗಾಡಿಗಳಲ್ಲಿ ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಕ್ಯಾನಿಸ್ಟರ್ ಅನ್ನುತ್ತೇವೆ. ಅದು ಆವಿಗೆ ಮಾಡಿದ್ದು. ಕಂಠಪೂರ್ತಿ ತುಂಬಿಸಿದರೆ ಅದರೊಳಗೆ ಪೆಟ್ರೋಲೇ ಹೋಗುತ್ತದೆ. ಆಮೇಲೆ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಪೆಟ್ರೋಲ್ ವಾಸನೆ. ಅದಕ್ಕೇ ಹೇಳುವುದು, ಮೊದಲ ಟಕ್‌ಗೆ ನಿಲ್ಲಿಸಿ. ಸ್ಕೂಟರಿಗೆ ಹಾಕುವಾಗ ನಳಿಕೆಯನ್ನು ಪೂರ್ತಿ ಒಳಗೆ ಇಳಿಸದೆ ಕೈಯಲ್ಲೇ ಹಿಡಿದು ಬಿಡುವುದು ಜಾಸ್ತಿ, ಆಗ ಆ ಟಕ್ ಬರುವುದೇ ಇಲ್ಲ. ಹಾಗಿದ್ದರೆ ಕುತ್ತಿಗೆಯ ಕೆಳ ಅಂಚು ನೋಡಿ ನೀವೇ ಸಾಕು ಅನ್ನಬೇಕು.

ಈಚೆಗೆ ಬರುವ ಹೊಸ ದೂರು: "ಮುಳ್ಳು ಮೊದಲಿಗಿಂತ ಬೇಗ ಇಳಿಯುತ್ತಿದೆ." ಇದಕ್ಕೆ ಮೀಟರು ಕಾರಣವಲ್ಲದೆಯೂ ಇರಬಹುದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಇದನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಲೀಟರಿಗೆ ಲೀಟರ್ ಹಿಡಿದು ನೋಡಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಅರ್ಧಕ್ಕರ್ಧ ಇಳಿದಿದ್ದರೆ ಮಾತ್ರ ಎಥೆನಾಲನ್ನು ಬೈಯಬೇಡಿ, ಏರ್ ಫಿಲ್ಟರ್, ಬ್ರೇಕ್, ಟೈರಿನ ಗಾಳಿ ನೋಡಿಸಿ.

ಎಥೆನಾಲಿಗೆ ನೀರು ಎಂದರೆ ಪ್ರಾಣ. ಸ್ವಲ್ಪ ನೀರನ್ನು ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಸೇರಿ ತಳಕ್ಕೆ ಇಳಿದು ಕೂರುತ್ತದೆ. ಪಂಪ್ ಎಳೆಯುವುದೂ ತಳದಿಂದಲೇ. ಮಲೆನಾಡಿನ ಮಳೆಯಲ್ಲಿ ನೀರು ಒಳಗೆ ಹೋಗುವ ದಾರಿ ಯಾವುದು ಗೊತ್ತಾ? ಮುಚ್ಚಳದ ಸುತ್ತ ಒಂದು ಬಟ್ಟಲಿನಂಥ ಜಾಗ ಇರುತ್ತದೆ, ಅದರಲ್ಲಿ ಬಿದ್ದ ನೀರು ಹೊರಗೆ ಹೋಗಲು ಒಂದು ಸಣ್ಣ ತೂತು. ಧೂಳು, ಎಲೆಚೂರು ಸೇರಿ ಆ ತೂತು ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ಮುಚ್ಚಳ ತೆಗೆದ ಕೂಡಲೇ ಟ್ಯಾಂಕಿನೊಳಗೆ. ನಾವು ಅದಕ್ಕೆ ಗಾಳಿ ಹೊಡೆಯುತ್ತೇವೆ. ನೀವು ಮುಚ್ಚಳ ತೆಗೆಯುವ ಮೊದಲು ಬಟ್ಟೆಯಿಂದ ಒರೆಸಿದರೂ ಸಾಕು.

ಮುಳ್ಳೇ ಕೆಟ್ಟಿದೆ ಅನ್ನಿಸಿದರೆ "ಮೀಟರ್ ಬದಲಾಯಿಸಿ" ಎಂಬ ಮಾತಿಗೆ ತಟ್ಟನೆ ಒಪ್ಪಬೇಡಿ. ಮೀಟರು ಕೆಡುವುದು ಅಪರೂಪ. ಮುಳ್ಳು ಹಾರಾಡುತ್ತಿದ್ದರೆ ಆ ಉಜ್ಜುವ ಪಟ್ಟಿ ಸವೆದಿರಬಹುದು, ಇಲ್ಲವೇ ವಾಟರ್ ಸರ್ವಿಸ್ ಮಾಡಿಸಿದಾಗ ನೀರು ಹೋಗಿ ಕನೆಕ್ಟರ್ ಹಸಿರು ಕಟ್ಟಿರಬಹುದು. ಫುಲ್ ಹಾಕಿಸಿದರೂ ತಳ ಬಿಟ್ಟು ಏಳದಿದ್ದರೆ ಬುರುಡೆ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿರಬಹುದು, ವೈರ್ ಕಡಿದೂ ಇರಬಹುದು. ಪರೀಕ್ಷೆ ಸುಲಭ. ಫ್ಲೋಟ್ ಹೊರಗೆ ತೆಗೆದು, ಟ್ಯಾಂಕ್ ಮುಚ್ಚಿ, ಗಾಡಿಯಿಂದ ದೂರ ಹಿಡಿದು, ವೈರಿಗೆ ಸಿಕ್ಕಿಸಿ, ಕೀ ಆನ್ ಮಾಡಿ ಕೈಯನ್ನು ನಿಧಾನವಾಗಿ ಎತ್ತಿ ಇಳಿಸುವುದು. ಮುಳ್ಳು ಅದರ ಹಿಂದೆ ಹೋದರೆ ಮೀಟರು ಸರಿ ಇದೆ. ಇದನ್ನು ನಿಮ್ಮ ಮುಂದೆಯೇ ಮಾಡಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ, ಮನೆಯಲ್ಲಿ ಮಾಡಲು ಹೋಗಬೇಡಿ.

ಟೀಚರ್ ಗಾಡಿಗೂ ಹಾಗೇ ಮಾಡಿ ತೋರಿಸಿದೆ. ಕೀಲಿನ ಕೊಳೆ ತೆಗೆದರೂ ಕೈ ಸಲೀಸಾಗಿ ಆಡಲಿಲ್ಲ, ಹೊಸ ಫ್ಲೋಟ್ ಹಾಕಿದೆವು. ಮೊನ್ನೆ ಆಯಿಲ್ ಬದಲಾಯಿಸಲು ಬಂದಾಗ ಸೀಟು ಎತ್ತಿದರೆ, ಒಳಗಡೆ ಬಿಳಿ ಸ್ಟಿಕ್ಕರ್ ಮೇಲೆ ದುಂಡಗೆ ಬರೆದಿದ್ದರು: "ಕೆಂಪು ಗೆರೆ = 1.1 ಲೀ. ತೀರ್ಥಹಳ್ಳಿಗೆ ಸಾಲದು."