ವರ್ಗೋ ಸುಮ್ಮನಿದ್ದುದೇ ಸುಳಿವಾಯಿತು

2017ರ ಆಗಸ್ಟ್ 17, ನಮ್ಮಲ್ಲಿ ಸಂಜೆ ಆರು ದಾಟಿತ್ತು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿರುವ ಲೈಗೋ ಅನ್ನುವ ಅಲೆ ಪತ್ತೆ ಯಂತ್ರಕ್ಕೆ ಗುರುತ್ವ ಅಲೆಯೊಂದು, ಅಂದರೆ ಭಾರಿ ಕಾಯಗಳು ಡಿಕ್ಕಿಯಾಗುವಾಗ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ಅಲೆ, ತಾಕಿತು. ಅದಾಗಿ ಸುಮಾರು 1.7 ಸೆಕೆಂಡಿಗೆ ನಾಸಾದ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಮಿಂಚು ಕಂಡಿತು. ಆದರೆ 3000 ಕಿ.ಮೀ. ದೂರದ ಲಿವಿಂಗ್‌ಸ್ಟನ್‌ನಲ್ಲಿ ಅಂಥದ್ದೇ ಇನ್ನೊಂದು ಲೈಗೋ ಇದೆಯಲ್ಲ, ಅದರಿಂದ ಯಾವ ಸೂಚನೆಯೂ ಬಂದಿರಲಿಲ್ಲ.

ಈ ಕೆಲಸದಲ್ಲಿ ಒಂದೇ ಯಂತ್ರವನ್ನು ನಂಬಿ ಕೂರೋಕೆ ಆಗಲ್ಲ. 4 ಕಿ.ಮೀ. ಉದ್ದದ ಎರಡು ತೋಳುಗಳಲ್ಲಿ ಲೇಸರ್ ಓಡಿಸಿ, ಅವುಗಳ ಉದ್ದದಲ್ಲಿ ಪ್ರೋಟಾನಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ವ್ಯತ್ಯಾಸವನ್ನೂ ಹಿಡಿಯಬೇಕು. ಗಾಳಿ ಬೀಸಿದರೆ, ಹತ್ತಿರದಲ್ಲಿ ಲಾರಿ ಹೋದರೆ, ದೂರದ ಕಡಲು ಉಕ್ಕಿದರೆ ಅದೆಲ್ಲ ಡೇಟಾದಲ್ಲಿ ಬಂದು ಕೂರುತ್ತದೆ. ಹಾಗಾಗಿ ದೂರದ ಇನ್ನೊಂದು ಯಂತ್ರವೂ ಹೌದು ಅನ್ನಬೇಕು.

ವಿಜ್ಞಾನಿಗಳು ಲಿವಿಂಗ್‌ಸ್ಟನ್‌ನ ಡೇಟಾ ತೆಗೆದು ನೋಡಿದರು. ಅಲೆ ಅಲ್ಲೂ ಇತ್ತು! ಅಲೆಯ ಕಂಪನ ತೋರಿಸುವ ನಕ್ಷೆಯಲ್ಲಿ ಕೆಳಗಿನ ಸ್ವರದಿಂದ ಮೇಲೇರುತ್ತಾ ಬಂದ ಗೆರೆ ಕಣ್ಣಿಗೇ ಕಾಣುವಷ್ಟು ಸ್ಪಷ್ಟವಾಗಿತ್ತು. ಆದರೆ ಈ ಅಲೆ ಎಬ್ಬಿಸಿದ ಎರಡು ನ್ಯೂಟ್ರಾನ್ ತಾರೆಗಳು (ದೊಡ್ಡ ತಾರೆ ಸತ್ತ ಮೇಲೆ ಉಳಿಯುವ ತೀರಾ ದಟ್ಟ ಗೋಳಗಳು) ಡಿಕ್ಕಿ ಹೊಡೆಯೋಕೆ ಸುಮಾರು ಒಂದು ಸೆಕೆಂಡ್ ಇದೆ ಅನ್ನುವಾಗ ಯಂತ್ರದಲ್ಲೇ ಎದ್ದ ಗದ್ದಲವೊಂದು ಅಡ್ಡ ಬಂದಿತ್ತು, ಅದಕ್ಕೇ ಸಾಫ್ಟ್‌ವೇರ್ ಆ ತುಣುಕನ್ನು ಬದಿಗಿಟ್ಟಿತ್ತು.

ಅಲೆ ಎರಡು ಕಡೆ ತಲುಪಿದ ಹೊತ್ತಿನಲ್ಲಿ ಎಷ್ಟು ಮಿಲಿಸೆಕೆಂಡ್ ವ್ಯತ್ಯಾಸ ಅಂತ ಗೊತ್ತಾದರೆ, ಅದು ಬಂದ ದಿಕ್ಕು ಆಕಾಶದಲ್ಲಿ ಒಂದು ಉಂಗುರದಷ್ಟು ಜಾಗಕ್ಕೆ ಇಳಿಯುತ್ತದೆ. ಉಂಗುರದಲ್ಲಿ ಎಲ್ಲಿ? ಇಲ್ಲಿ ಇಟಲಿಯ ಪೀಸಾ ಬಳಿ ಇರುವ ಇಂಥದ್ದೇ ಯಂತ್ರ ವರ್ಗೋ ಬಂತು. ಅದು ಈ ಹುಡುಕಾಟಕ್ಕೆ ಸೇರಿಕೊಂಡಿದ್ದೇ ಅದೇ ತಿಂಗಳ 1ರಂದು. ಇಷ್ಟು ಜೋರಾದ ಅಲೆ ಅದಕ್ಕೆ ಸಿಗಲೇಬೇಕಿತ್ತು, ಆದರೂ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಇಂಥ ಯಂತ್ರಗಳಿಗೆ ಕೆಲವು ದಿಕ್ಕುಗಳಿಂದ ಬರುವ ಅಲೆ ತಾಕುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಅಲೆ ಬಂದಿದ್ದು ವರ್ಗೋದ ಅಂಥದ್ದೊಂದು ಕುರುಡು ಮೂಲೆಯಿಂದಲೇ ಇರಬೇಕು ಅಲ್ವಾ? ಹುಡುಕಬೇಕಾದ ಜಾಗ ಸುಮಾರು 28 ಚದರ ಡಿಗ್ರಿಗೆ (ಆಕಾಶದ ವಿಸ್ತಾರ ಅಳೆಯುವ ಮಾನ) ಇಳಿಯಿತು. ಏನೂ ಕೇಳಿಸಿಕೊಳ್ಳದ ಯಂತ್ರದಿಂದ ಇಷ್ಟು ಉಪಕಾರ ಆಗಿದ್ದು ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಆ ಜಾಗದಲ್ಲಿ ಡಿಕ್ಕಿಯ ಬೆಳಕನ್ನು ದೂರದರ್ಶಕದಲ್ಲಿ ಹುಡುಕೋಕೆ ಚಿಲಿಯಲ್ಲಿ ಕತ್ತಲಾಗುವವರೆಗೆ ಕಾಯಬೇಕಾಯಿತು. ಡಿಕ್ಕಿಯಾಗಿ ಸುಮಾರು 11 ಗಂಟೆಗೆ, ಅಲ್ಲಿನ 1 ಮೀಟರಿನ ಸ್ವೋಪ್ ದೂರದರ್ಶಕದ ಚಿತ್ರದಲ್ಲಿ, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯ ಪಕ್ಕ ಹಿಂದೆ ಇಲ್ಲದ ಒಂದು ಚುಕ್ಕೆ ಸಿಕ್ಕಿತು. ಮೊದಲು ನೀಲಿ, ಕೆಲವೇ ದಿನಗಳಲ್ಲಿ ಕೆಂಪು. ಚಿನ್ನ, ಪ್ಲಾಟಿನಂನಂಥ ಭಾರವಾದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಅನ್ನುವುದಕ್ಕೆ ಆ ಬೆಳಕು ಗಟ್ಟಿ ಪುರಾವೆ ಕೊಟ್ಟಿತು.

2019ರ ಏಪ್ರಿಲ್ 25ರಂದು ಇಂಥದ್ದೇ ಇನ್ನೊಂದು ಅಲೆ ಬಂತು. ಆವತ್ತು ಹ್ಯಾನ್‌ಫರ್ಡ್ ಬಂದ್ ಆಗಿತ್ತು, ವರ್ಗೋಗೆ ಸಿಕ್ಕಿದ್ದು ತೀರಾ ಕ್ಷೀಣ. ಹುಡುಕಬೇಕಾದ ಜಾಗ ಆಕಾಶದ ಐದನೇ ಒಂದು ಭಾಗದಷ್ಟಾಯಿತು. ಎಷ್ಟೋ ದೂರದರ್ಶಕಗಳು ಹುಡುಕಿದವು, ಅದರದ್ದೇ ಅಂತ ಖಚಿತವಾಗಿ ಹೇಳಬಹುದಾದ ಬೆಳಕು ಸಿಗಲಿಲ್ಲ.

ಅದಕ್ಕೇ ಬೀದರಿನ ಉತ್ತರಕ್ಕೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಬರಲಿರುವ ಲೈಗೋ-ಇಂಡಿಯಾ ಮುಖ್ಯ. 2600 ಕೋಟಿ ರೂಪಾಯಿಯ ಈ ಯೋಜನೆಗೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅಮೆರಿಕ, ಇಟಲಿ, ಜಪಾನಿನ ಯಂತ್ರಗಳಿಂದ ಅಷ್ಟು ದೂರದಲ್ಲಿ ಇನ್ನೊಂದು ಇದ್ದರೆ ದಿಕ್ಕು ಇನ್ನೂ ನಿಖರವಾಗಿ ಸಿಗುತ್ತದೆ, ಒಂದು ರಿಪೇರಿಗೆ ನಿಂತರೂ ಹುಡುಕಾಟ ನಿಲ್ಲುವುದಿಲ್ಲ.