ಬಸ್ಸು ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ

ಕೊಡಗಿನ ಒಂದು ಕಾಫಿ ತೋಟ. ಅಲ್ಲಿ ಕೂಲಿಯವರಿರುವ ಲೈನ್ ಮನೆಯ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಅವಳಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ. ಮಾತ್ರೆ ಶುರುವಾದ ಮೇಲೆ ಬೇರೆ ಯಾರಿಗೂ ಕೇಳದ ಆ ದನಿಗಳು ತಗ್ಗಿವೆ. ಮುಂದಿನ ತಿಂಗಳ ಮಾತ್ರೆಗೆ ಮಡಿಕೇರಿಗೆ ಹೋಗಬೇಕು. ಜುಲೈ ಮಳೆ, ಎರಡು ಬಸ್ಸು, ಜೊತೆಗೆ ಬರುವ ಗಂಡನ ಒಂದು ದಿನದ ಕೂಲಿ. 'ಈಗ ಹುಷಾರಾಗಿದ್ದಾಳಲ್ಲ' ಅಂತ ಮನೆಯವರು ಸುಮ್ಮನಾಗುತ್ತಾರೆ. ಮಾತ್ರೆ ನಿಂತರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಇದು ಮನೆಯವರ ತಪ್ಪಾ? ನನಗೆ ಹಾಗೆ ಅನ್ನಿಸುವುದಿಲ್ಲ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡಿ. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ಆರೈಕೆಯನ್ನು ಊರಿಗೇ ಒಯ್ಯುವ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ತರಬೇತಿ ಕೊಟ್ಟು ಸಜ್ಜುಗೊಳಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆಮೇಲೆ ಕೊಡಗಿನಂತೆಯೇ ಮಳೆ, ಗುಡ್ಡ, ದೂರದೂರದ ಮನೆಗಳಿರುವ ತೀರ್ಥಹಳ್ಳಿಯಲ್ಲೂ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಚಿಕಿತ್ಸೆ ಕೊಟ್ಟರು.

ಇದರಿಂದ ಫಲ ಸಿಗುತ್ತದಾ? ಗೋವಾ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ 282 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಫಲಿತಾಂಶ 2014ರಲ್ಲಿ ಬಂತು. ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆಗೆ, ತರಬೇತಿ ಪಡೆದ ಸ್ಥಳೀಯರೇ ಮನೆಗೆ ಹೋಗಿ ವಿಚಾರಿಸಿಕೊಂಡರು. ಅವರು ವೈದ್ಯರಲ್ಲ, ಸಾಮಾನ್ಯ ಜನ. ಹನ್ನೆರಡು ತಿಂಗಳ ನಂತರ ಎರಡನೇ ಗುಂಪಿನ ರೋಗಲಕ್ಷಣಗಳೂ ದಿನನಿತ್ಯದ ತೊಡಕುಗಳೂ ಸ್ವಲ್ಪ ಜಾಸ್ತಿ ಇಳಿದಿದ್ದವು. ಸ್ವಲ್ಪ ಅಷ್ಟೇ, ಪವಾಡವೇನಲ್ಲ. ರೋಗಲಕ್ಷಣ ಶೇ. 20ಕ್ಕಿಂತ ಹೆಚ್ಚು ಇಳಿದವರ ಪ್ರಮಾಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ತಮಿಳುನಾಡಿನ ಹಳ್ಳಿಗಳಲ್ಲಿ ಫಲ ಎದ್ದು ಕಂಡಿತು. ಸೌಲಭ್ಯ ಕಡಿಮೆ ಇರುವ ಕಡೆಯೇ ಇದನ್ನು ಮೊದಲು ತರಬೇಕು ಅಂದರು ಸಂಶೋಧಕರು. ಕೊಡಗಿನ ಬುಡಕಟ್ಟು ಜನರ ಹಾಡಿಗಳನ್ನೂ ಲೈನ್ ಮನೆಗಳನ್ನೂ ಬಲ್ಲವರಿಗೆ ಈ ಮಾತು ನೇರವಾಗಿ ನಾಟುತ್ತದೆ, ಅಲ್ವಾ?

ಆ ಅಧ್ಯಯನದಲ್ಲಿ ದಿನನಿತ್ಯದ ತೊಡಕನ್ನು ಅಳೆದ ಬಗೆ ನನಗೆ ತುಂಬಾ ಹಿಡಿಸಿತು. ಸ್ನಾನ, ಊಟ ತಾವೇ ನೋಡಿಕೊಳ್ಳುತ್ತಾರಾ? ಜನರ ಜೊತೆ ಬೆರೆಯುತ್ತಾರಾ? ಮಾತು ಅರ್ಥವಾಗುತ್ತದಾ? ಕೆಲಸಕ್ಕೆ ಹೋಗುತ್ತಾರಾ? ನಮ್ಮ ದೇಶದಲ್ಲೇ ತಯಾರಾದ ಅಳತೆಗೋಲು ಕೇಳುವುದು ಇಂಥ ಪ್ರಶ್ನೆಗಳನ್ನೇ. ಇದಕ್ಕೆ ಉತ್ತರ ಆಸ್ಪತ್ರೆಯ ಚೀಟಿಯಲ್ಲಿ ಸಿಗುವುದಿಲ್ಲ. ಮನೆಗೆ ಹೋಗಿ ಕೂತವರಿಗೆ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲಿಗೆ ಅವಳು ಎಲ್ಲರ ಜೊತೆ ಹೊರಟಳಾ ಅನ್ನುವುದೂ ಅವರಿಗೇ ಮೊದಲು ತಿಳಿಯುತ್ತದೆ.