ಒಂದೇ ಪುಟ, ಹತ್ತು ಕೈ

1985. ವಾಷಿಂಗ್ಟನ್‌ನ ಗ್ಯಾಲಡೆಟ್, ಕಿವುಡ ವಿದ್ಯಾರ್ಥಿಗಳಿಗಾಗಿಯೇ ಇರುವ ಕಾಲೇಜು. ಅಲ್ಲಿ ಹರಟೆ, ಜಗಳ, ತಮಾಷೆ ಎಲ್ಲ ಸನ್ನೆ ಭಾಷೆಯಲ್ಲಿ. ಹೆಚ್ಚಿನವರಿಗೆ ಇಂಗ್ಲಿಷ್ ಅಂದರೆ ಪುಸ್ತಕದಲ್ಲಿ ಓದುವುದು, ಪ್ರಬಂಧ ಬರೆದು ತಿದ್ದಿಸಿಕೊಳ್ಳುವುದು, ಅಷ್ಟೆ. (ನಮ್ಮ ಕನ್ನಡ ಶಾಲೆಗಳ ಇಂಗ್ಲಿಷ್ ಪಿರಿಯಡ್ ನೆನಪಾಗುತ್ತೆ, ಅಲ್ವಾ?)

ಅಲ್ಲಿನ ಮೇಷ್ಟ್ರು ಟ್ರೆಂಟ್ ಬ್ಯಾಟ್ಸನ್ ಕ್ಲಾಸಿನ ಕಂಪ್ಯೂಟರ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರು. ಒಬ್ಬರು ಒಂದು ಸಾಲು ಟೈಪ್ ಮಾಡಿ ಕಳಿಸಿದರೆ ಎಲ್ಲರ ಪರದೆಯಲ್ಲೂ ಅದು ಹೆಸರಿನ ಸಮೇತ ಮೂಡುತ್ತಿತ್ತು. ಮೇಷ್ಟ್ರ ಸಾಲೂ ಹುಡುಗರ ಸಾಲುಗಳ ಮಧ್ಯೆ ಒಂದು. ಇಂಗ್ಲಿಷ್‌ನಲ್ಲೇ ವಾದ ಶುರುವಾಯಿತು. ಕ್ಲಾಸಿನಲ್ಲಿ ಆನ್‌ಲೈನ್ ಆಗಿ ಒಟ್ಟಿಗೆ ಬರೆಯುವುದರ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಈಗ ಇದು ಮಾಮೂಲಿ ಗ್ರೂಪ್ ಚಾಟ್‌ನಂತೆ ಕಾಣಬಹುದು. ಆದರೆ ಬರವಣಿಗೆಯನ್ನೇ ಮಾತುಕತೆ ಮಾಡಿಬಿಡುವ ಈ ಯೋಚನೆಗೆ ಆಗಲೇ ಐವತ್ತು ವರ್ಷ ವಯಸ್ಸಾಗಿತ್ತು.

ಅದರ ಬೇರು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿಯಲ್ಲಿದೆ. 1934ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ ಬರೀ 37. ಮಗು ಮೊದಲು ಇನ್ನೊಬ್ಬರ ಜೊತೆ ಮಾತಾಡುತ್ತದೆ, ಆಮೇಲೆ ಆ ಮಾತೇ ಒಳಗಿಳಿದು ಯೋಚನೆಯಾಗುತ್ತದೆ ಎಂದವನು ಆತ. ಮಗು ಒಂಟಿಯಾಗಿ ಎಷ್ಟು ಮಾಡಬಲ್ಲದು, ಬಲ್ಲವರು ಜೊತೆಗಿದ್ದರೆ ಎಷ್ಟು ಮಾಡಬಲ್ಲದು, ಕಲಿಕೆ ನಡೆಯುವುದು ಈ ಎರಡರ ನಡುವಿನ ಜಾಗದಲ್ಲಿ. ಸ್ಟಾಲಿನ್ ಕಾಲದಲ್ಲಿ ಆತನ ಪುಸ್ತಕಗಳು ಮೂಲೆ ಸೇರಿದವು. ಆತನ ಮುಖ್ಯ ಪುಸ್ತಕ ಇಂಗ್ಲಿಷ್‌ಗೆ ಬಂದದ್ದು 1962ರಲ್ಲಿ.

1976ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಮೂವರೂ ಸೇರಿ, ಮೂರರಿಂದ ಐದು ವರ್ಷದ 30 ಮಕ್ಕಳಿಗೆ 21 ಮರದ ತುಂಡುಗಳಿಂದ ಪಿರಮಿಡ್ ಕಟ್ಟಲು ಹೇಳಿಕೊಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಎಲ್ಲಿ ಕೈ ಕೊಡಬೇಕು, ಯಾವಾಗ ಸುಮ್ನೆ ಕೂತಿರಬೇಕು? ಇಂಥ ನೆರವಿಗೆ ಅವರಿಟ್ಟ ಹೆಸರು, ನಮ್ಮ ಗಾರೆ ಕೆಲಸದವರ ಮಾತಲ್ಲಿ ಹೇಳುವುದಾದರೆ, ಸಾರ್ವೆ. ಗೋಡೆ ಏಳುವವರೆಗೆ ಇರುತ್ತದೆ, ಎದ್ದ ಮೇಲೆ ಬಿಚ್ಚುತ್ತಾರೆ.

ವೈಗೋಟ್‌ಸ್ಕಿಯ ಯೋಚನೆಯನ್ನು ಬರವಣಿಗೆ ಕ್ಲಾಸಿಗೆ ತಂದವರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಕಾಲೇಜಿನ ಕೆನೆತ್ ಬ್ರಫಿ ಮುಖ್ಯ. 1970ರಲ್ಲಿ ಆ ಊರಿನ ಸರ್ಕಾರಿ ಕಾಲೇಜುಗಳು ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದವು. ಬಂದವರಲ್ಲಿ ಬಹಳ ಮಂದಿಗೆ ಬರೆಯುವುದು ಕಷ್ಟ, ಮೇಷ್ಟ್ರ ಸಹಾಯವೂ ಬೇಡ. ಪಕ್ಕದ ಹುಡುಗ ಹೇಳಿಕೊಟ್ಟರೆ ಮಾತ್ರ ಕೇಳುತ್ತಿದ್ದರು. ಯೋಚನೆ ಒಳಗಿಳಿದ ಮಾತಾದರೆ, ಬರವಣಿಗೆ ಅದೇ ಮಾತು ಮತ್ತೆ ಹೊರಗೆ ಬರುವುದು ಎಂದು ಬ್ರಫಿ 1984ರಲ್ಲಿ ಬರೆದರು.

ಸಲಕರಣೆಗಳು ಆಮೇಲೆ ಬೇಗ ಬೇಗ ಬಂದವು. 1995ರಲ್ಲಿ ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ, ಅಂದರೆ ಓದುವವರೇ ಪುಟಗಳನ್ನು ಬರೆದು ತಿದ್ದಬಹುದಾದ ವೆಬ್‌ಸೈಟ್, ಮಾಡಿದರು. ಹೆಸರು ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನದು. ಹವಾಯಿ ಭಾಷೆಯಲ್ಲಿ ‘ಬೇಗ ಬೇಗ’ ಅಂತಲೇ ಅರ್ಥ! 2001ರಲ್ಲಿ ವಿಕಿಪೀಡಿಯ, 2003ರಲ್ಲಿ ಅದರ ಕನ್ನಡ ಆವೃತ್ತಿ, 2006ರಲ್ಲಿ ಗೂಗಲ್ ಡಾಕ್ಸ್.

ಪುಟ ಹಂಚಿಕೊಳ್ಳುವುದು ಸುಲಭವಾಯಿತು. ಮಾತುಕತೆ ಆಯಿತಾ? 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ಪಾಠದ ಭಾಗವಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಸಿದರು. ಪುಸ್ತಕದಿಂದ, ವೆಬ್‌ಸೈಟ್‌ಗಳಿಂದ ಎತ್ತಿ ಅಂಟಿಸಿದ್ದೇ ಜಾಸ್ತಿಯಾಗಿ, ಯೋಜನೆಯನ್ನು ನಿಲ್ಲಿಸಬೇಕಾಯಿತು. ಹುಡುಗರನ್ನಷ್ಟೇ ಬೈದು ಏನು ಪ್ರಯೋಜನ? ನಾವು ಓದುವಾಗಲೂ ಗ್ರೂಪ್ ಪ್ರಾಜೆಕ್ಟ್ ಅಂದರೆ ಒಬ್ಬರು ಬರೆಯುವುದು, ನಾಲ್ವರು ಹೆಸರು ಹಾಕುವುದು. ಅಂಕ ಸಿಗುತ್ತಿದ್ದದ್ದು ಮುಗಿದ ಪುಟಕ್ಕೆ. ಅದನ್ನು ಬರೆಯುವಾಗ ಯಾರು ಯಾರ ಸಾಲನ್ನು ಪ್ರಶ್ನಿಸಿದರು ಎಂದು ಕೇಳಿದವರಿಲ್ಲ.

ವಿಕಿಪೀಡಿಯದ ಪ್ರತಿ ಲೇಖನಕ್ಕೂ ಅಂಟಿಕೊಂಡು ಒಂದು ಚರ್ಚೆ ಪುಟ ಇರುತ್ತದೆ. ಬ್ರಫಿ ಹೇಳಿದ್ದು ನಡೆಯಬೇಕಾದ ಜಾಗ ಅದು. ಕನ್ನಡದಲ್ಲಿ ನಾನು ತೆರೆದು ನೋಡಿದ ಹೆಚ್ಚಿನವು ಖಾಲಿ ಇದ್ದವು.